ಸೋಮವಾರ, ಗುರುವಾರ ಬರ್ತೀನಿ

ಸುರಭಿಯ ಮುಖದಿಂದ ಗೇಣು ದೂರದಲ್ಲಿ, ಗಾಜಿಗೆ ಫಟ್ ಎಂದು ಬಡಿಯಿತು ಪಕ್. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಆಡುವ ಆ ಕಪ್ಪು ರಬ್ಬರ್ ಬಿಲ್ಲೆ ಗಾಜಿನಾಚೆಯೇ ಬಿತ್ತು. ಆದರೆ ಬೆಚ್ಚಿದ ಅವಳ ಕೈಯಿಂದ ಟ್ಯಾಬ್ಲೆಟ್ ಜಾರಿ ನೆಲ ಸೇರಿತು.

ಬಗ್ಗಿ ಟ್ಯಾಬ್ಲೆಟ್ ಎತ್ತಿಕೊಳ್ಳುತ್ತಾ, ಇಲ್ಲಿ ಯಾರಿಗೆ ತಾನೇ ತಿಳಿದೀತು ಎಂಬ ಧೈರ್ಯದಲ್ಲಿ ಗೊಣಗಿದಳು.

"ಎಡಗಾಲು ಏಳೋದೇ ತಡ ಇವನಿಗೆ. ಅದಕ್ಕೇ ಎಲ್ಲಾ ಆ ಕಡೆಯಿಂದಾನೇ ನುಗ್ತಾವೆ."

ಪಕ್ಕದ ಬಾಗಿಲು ತೆರೆದೇ ಇತ್ತು. ಗೋಲಿನ ಮುಂದೆ ಮಂಡಿಯೂರಿದ್ದವನು ತಲೆ ತಿರುಗಿಸಿ, ನಿಧಾನವಾಗಿ ಮಾಸ್ಕ್ ಮೇಲೆತ್ತಿದ.

"ಏನಂದೆ ನೀನು?"

ಕನ್ನಡ! ಡ್ರೆಸ್ಡೆನ್ನಿನ ಈ ಹಿಮದಂಗಳದಲ್ಲಿ, ಬೆವರಲ್ಲಿ ತೊಯ್ದ ಗೋಲ್‌ಕೀಪರನ ಬಾಯಲ್ಲಿ ಕನ್ನಡ...

ಅವನ ಹೆಸರು ಋಷಿ, ವಯಸ್ಸು ಇಪ್ಪತ್ತೆರಡು. ಅಪ್ಪ ಅನಂತಕೃಷ್ಣ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ಹುಟ್ಟಿ ಬೆಳೆದದ್ದೆಲ್ಲ ಇದೇ ಊರು. ಕನ್ನಡವನ್ನು ಅಮ್ಮ ಅನಸೂಯರ ಜೊತೆ ಮಾತಾಡಿಯೇ ಕಲಿತದ್ದರಿಂದ 'ನೀವು' ಎಂಬುದು ಅವನ ನಾಲಿಗೆಗೆ ಹತ್ತಿರಲೇ ಇಲ್ಲ. ಕ್ಲಬ್ಬಿನ ಕಿರಿಯ ತಂಡದಲ್ಲಿ ಆಡುತ್ತಿದ್ದ. ಮೇಲಿನ ಪ್ರೊಫೆಷನಲ್ ತಂಡಕ್ಕೆ ಏರಬೇಕೆಂಬುದೊಂದೇ ಹಟ.

ಸುರಭಿ ತುಮಕೂರಿನವಳು, ಡ್ರೆಸ್ಡೆನ್ನಿನ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಓದುತ್ತಿದ್ದಳು. ಕ್ಯಾಮೆರಾ ಇಟ್ಟು ಒಬ್ಬ ಗೋಲ್‌ಕೀಪರನ ಬೆಳವಣಿಗೆಯನ್ನು ಇಡೀ ಸೀಸನ್ ಅಳೆಯುವುದು ಅವಳ ಥೀಸಿಸ್. ಕ್ಲಬ್ಬಿನ ಎರಡೂ ತಂಡಗಳನ್ನು ನೋಡಿಕೊಳ್ಳುತ್ತಿದ್ದ ಕೋಚ್ ವೆಂಟ್ಸೆಲ್ ಅವಳಿಗೆಂದು ಆರಿಸಿದ್ದು ಇವನನ್ನೇ; ಕನ್ನಡ ಬಲ್ಲವನೆಂದು ಮಾತ್ರ ಯಾರೂ ಹೇಳಿರಲಿಲ್ಲ.

"ನಲವತ್ತೊಂದು ಗೋಲು ನೋಡಿದೀನಿ," ಎಂದಳು ಅವಳು, ನಾಚಿಕೆ ನುಂಗಿಕೊಂಡು. "ಇಪ್ಪತ್ತೇಳು ಎಡಗಡೆಯಿಂದ ಹೋಗಿವೆ. ಕೆಳಗೆ ಕೂತ ಮೇಲೆ ಎಡಗಾಲು ಏಳೋಕೆ ಸೆಕೆಂಡಿನ ಐದನೇ ಒಂದು ಭಾಗ ತಡ."

ಅವನು ದುರುಗುಟ್ಟಿದ. ಮಾಸ್ಕ್ ಇಳಿಸಿದ. ಆದರೆ ಅಂದು ಎಲ್ಲರೂ ಹೋದ ಮೇಲೂ ಅವನೊಬ್ಬನೇ ಕೂತು ಏಳುವುದನ್ನು ಮಾಡುತ್ತಲೇ ಇದ್ದ. ಅವಳೂ ಹೋಗಲಿಲ್ಲ, ಎಣಿಸುತ್ತಾ ನಿಂತಳು.

ಹಾಗೆ ಶುರುವಾಯಿತು.

ಅಕ್ಟೋಬರ್ ಕಳೆಯುವಷ್ಟರಲ್ಲಿ ಆ ತಡ ಅರ್ಧಕ್ಕಿಳಿಯಿತು. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಒಂದೇ ಟ್ರಾಮ್ ಹತ್ತುವುದು ರೂಢಿಯಾಯಿತು. ಅನಸೂಯ ಕಳಿಸಿದ ಚಿತ್ರಾನ್ನದ ಡಬ್ಬಿಯಲ್ಲಿ ಈಗ ಎರಡು ಚಮಚ ಇರುತ್ತಿದ್ದವು. ಏಳನೆಯ ವಯಸ್ಸಿನಲ್ಲಿ ತಾನು ಗೋಲ್‌ಕೀಪರ್ ಆದದ್ದು ಹೇಗೆಂದು ಅವನೊಮ್ಮೆ ಹೇಳಿದ. ಬೇರೆ ಯಾವ ಮಕ್ಕಳೂ ಆ ಜಾಗದಲ್ಲಿ ನಿಲ್ಲಲು ಒಪ್ಪಿರಲಿಲ್ಲವಂತೆ. ಕ್ಲಬ್ಬಿಗೆ ಹೊಸ ಹುಡುಗ, ಯಾರ ಪರಿಚಯವೂ ಇರಲಿಲ್ಲ, ಹೋಗಿ ನಿಂತುಬಿಟ್ಟನಂತೆ.

ಅವನು ನಗುತ್ತಲೇ ಹೇಳಿದ. ಅವಳಿಗೆ ನಗು ಬರಲಿಲ್ಲ. ಆ ಪುಟ್ಟ ಹುಡುಗನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಎದುರಿಗಿದ್ದ ದೊಡ್ಡವನ ಕೈಯನ್ನಂತೂ ಹಿಡಿಯುವ ಧೈರ್ಯವಾಗಲಿಲ್ಲ.

ಜನವರಿಯಲ್ಲಿ ಸುದ್ದಿ ಬಂತು. ಮೇಲಿನ ತಂಡ ಮೂರು ವಾರದ ಪರೀಕ್ಷೆಗೆ ಒಬ್ಬ ಗೋಲ್‌ಕೀಪರನನ್ನು ಕರೆಯಲಿತ್ತು. ಋಷಿಯೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅದಕ್ಕೆ ಸುರಭಿಯ ವರದಿಯೂ ಬೇಕಿತ್ತು.

ಆ ವಾರದ ವಿಡಿಯೋವನ್ನು ಅವಳು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದಳು. ಎಡಗಾಲು ಮತ್ತೆ ತಡವಾಗುತ್ತಿತ್ತು. ಅದೂ ದಿನದಿಂದ ದಿನಕ್ಕೆ ಹೆಚ್ಚು. ಪ್ರತಿ ಸಲ ಏಳುವಾಗಲೂ ಅವನು ಸೊಂಟವನ್ನು ಬಲಕ್ಕೆ ವಾಲಿಸುತ್ತಿದ್ದ. ನೋವಿದೆಯಾ ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದ. ಮರುದಿನ ಮತ್ತೆ ಕೇಳಿದಳು. ಅವನು ಮಾತು ಬದಲಿಸಿದ.

ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ.

'ಬರೆದರೆ ಅವನ ಕನಸು ಹೋಗುತ್ತೆ. ಬರೆಯದಿದ್ದರೆ ಅವನ ಕಾಲೇ ಹೋಗಬಹುದು...'

ಕೊನೆಗೆ ಬರೆದಳು. ಸೊಂಟದ ಸ್ಕ್ಯಾನ್ ಆಗುವವರೆಗೆ ಇವನನ್ನು ಆಡಿಸಬಾರದು ಎಂದು ಎರಡೇ ಸಾಲು. ಕಣ್ಣು ಮುಚ್ಚಿ ವೆಂಟ್ಸೆಲ್‌ಗೆ ಕಳಿಸಿಬಿಟ್ಟಳು. ಅವನಿಗೆ ಮಾತ್ರ ಹೇಳಲಿಲ್ಲ.

ಪರೀಕ್ಷೆಗೆ ಬೇರೊಬ್ಬ ಹೋದ. ಆ ಮಧ್ಯಾಹ್ನ ಋಷಿ ಅವಳನ್ನು ಹುಡುಕಿಕೊಂಡು ಬಂದ. ಅವಳ ವರದಿಯ ಪ್ರತಿ ಅವನ ಕೈಯಲ್ಲಿತ್ತು.

"ಟ್ರಾಮಲ್ಲಿ ಪಕ್ಕದಲ್ಲಿ ಕೂತಾಗ್ಲೂ ನನ್ನನ್ನ ಅಳೀತಾನೇ ಇದ್ದೆ ಅಲ್ವಾ? ನಾನು ನಿನ್ನ ಥೀಸಿಸ್, ಅಷ್ಟೇ. ಡೇಟಾ ಚೆನ್ನಾಗಿರ್ಬೇಕು ನಿನಗೆ. ಸರಿ ತಾನೇ?"

ಅಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ಅವನು ಹೊರಟುಹೋದ.

ಹತ್ತು ದಿನದ ಮೇಲೆ ಅನಸೂಯ ಫೋನ್ ಮಾಡಿದರು. ಸೊಂಟದ ಕೀಲಿನೊಳಗಿನ ಮೃದ್ವಸ್ಥಿ ಹರಿದಿತ್ತಂತೆ. ಇನ್ನೊಂದು ತಿಂಗಳು ಹೀಗೇ ಆಡಿದ್ದರೆ ಮತ್ತೆಂದೂ ಗೋಲಿನಲ್ಲಿ ನಿಲ್ಲಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ಮುಗಿದಿತ್ತು. ಅವನಿಗೂ ಎಲ್ಲ ಗೊತ್ತು, ಆದರೂ ಮಾತೇ ಆಡುತ್ತಿಲ್ಲ, ಗೋಡೆ ನೋಡುತ್ತಾ ಮಲಗಿರುತ್ತಾನೆ ಎಂದು ಆ ತಾಯಿ ಅತ್ತರು.

ಸುರಭಿ ಫೋನ್ ಇಟ್ಟವಳೇ ಕೋಟು ಹಾಕಿಕೊಂಡಳು.

ಫಿಸಿಯೋಥೆರಪಿ ಕೋಣೆಯಲ್ಲಿ ಅವನು ಊರುಗೋಲು ಹಿಡಿದು ಕೂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

"ಕೋಪ ಇಟ್ಕೋ, ಬೇಡ ಅನ್ನಲ್ಲ," ಎಂದಳು ಸುರಭಿ. ಕಾಲನ್ನು ಗಟ್ಟಿಯಾಗಿ ಊರಿ ನಿಂತಿದ್ದಳು. "ನೀನು ಆಟ ನಿಲ್ಲಿಸಿದ ದಿನಕ್ಕೇ ನನ್ನ ಥೀಸಿಸ್ ಅಳತೆ ಮುಗೀತು. ಇನ್ನು ನಿನ್ನ ಅಳತೆಯಿಂದ ನನಗೆ ಏನೂ ಆಗ್ಬೇಕಾಗಿಲ್ಲ. ಆದ್ರೂ ಸೋಮವಾರ, ಗುರುವಾರ ಬರ್ತೀನಿ. ಮಾತಾಡ್ಬೇಡ. ಆ ಕಾಲು ಏಳೋವರೆಗೂ ನಾನು ಬಿಡಲ್ಲ."

ಬಂದಳು. ಸೋಮವಾರ ಬಂದಳು, ಗುರುವಾರ ಬಂದಳು. ಮೊದಲ ದಿನ ಅವನ ಕಾಲು ಮೇಲೆದ್ದದ್ದು ನಾಲ್ಕು ಬೆರಳಷ್ಟು. ಫೆಬ್ರವರಿಯಿಡೀ ಅವನು ಒಂದು ಮಾತೂ ಆಡಲಿಲ್ಲ. ಮಾರ್ಚಿನಲ್ಲಿ ಒಂದು ದಿನ, ಎಷ್ಟಾಯಿತು ಎಂದಷ್ಟೇ ಕೇಳಿದ. ಅವಳು ಅಂಕಿ ಹೇಳಿದಳು. ಅವನು ಹಲ್ಲು ಕಚ್ಚಿ ಮತ್ತೆ ಇಪ್ಪತ್ತು ಸಲ ಎತ್ತಿದ. ಬೇಸಿಗೆ ಬರುವಷ್ಟರಲ್ಲಿ ಊರುಗೋಲು ಹೋಯಿತು, ಜುಲೈನಲ್ಲಿ ಅವನು ಹಿಮದಂಗಳಕ್ಕೆ ಇಳಿದ. ಮೊದಲ ದಿನವೇ ಬಿದ್ದ. ಎತ್ತಲು ಓಡಿದ ಕೋಚನ್ನು ಸುರಭಿ ಕೈ ಅಡ್ಡ ಹಿಡಿದು ತಡೆದಳು. ಋಷಿ ತಾನೇ ಎದ್ದ.

ಆಗಸ್ಟಿನಲ್ಲಿ ಅವಳಿಗೆ ಅಬ್‌ಸ್ಟಾಟ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಡ್ರೆಸ್ಡೆನ್ನಿನಿಂದ ಆರು ಗಂಟೆಯ ದಾರಿ. ಹೋಗುವ ಮುನ್ನ ಹೇಳಿದಳು. ಅವನು ತಲೆಯಾಡಿಸಿದ, ಅಷ್ಟೇ. ಆ ಗುರುವಾರವೇ ಅವಳ ಫೋನಿಗೆ ಅವನ ಅಭ್ಯಾಸದ ವಿಡಿಯೋ ಬಂತು, ಜೊತೆಗೆ ಒಂದಕ್ಷರವೂ ಇಲ್ಲ. ಅವಳು ಅಳತೆ ಬರೆದು ಕಳಿಸಿದಳು. ಸೋಮವಾರ ಮತ್ತೊಂದು ಬಂತು.

'ಇವನಿಗೆ ನನ್ನ ಲೆಕ್ಕ ಬೇಕು. ನಾನು ಬೇಡ,' ಎಂದುಕೊಂಡಳು. ಆದರೂ ಒಂದು ವಾರವೂ ತಪ್ಪಿಸಲಿಲ್ಲ.

ನವೆಂಬರಿನಲ್ಲಿ ಮೇಲಿನ ತಂಡ ಅವನನ್ನು ಎರಡನೆಯ ಗೋಲ್‌ಕೀಪರನಾಗಿ ಬೆಂಚಿಗೆ ಕರೆಯಿತು. ಭಾನುವಾರ ಮಧ್ಯಾಹ್ನದ ಪಂದ್ಯ. ಬೆಳಗ್ಗೆಯೇ ರೈಲು ಹಿಡಿದು ಬಂದಿದ್ದ ಸುರಭಿ ಅನಸೂಯರ ಪಕ್ಕದಲ್ಲಿ ಕೂತಿದ್ದಳು. ಆಟ ಅರ್ಧಕ್ಕೆ ಬಂದಾಗ ಮೊದಲ ಗೋಲ್‌ಕೀಪರ್ ತೊಡೆ ಹಿಡಿದುಕೊಂಡು ಕುಸಿದ. ವೆಂಟ್ಸೆಲ್ ಬೆಂಚಿನ ಕಡೆ ತಿರುಗಿದರು. ಋಷಿ ಮಾಸ್ಕ್ ಹಾಕಿಕೊಂಡು ಇಳಿದ.

ಅವನತ್ತ ಬಂದ ಮೊದಲ ಹೊಡೆತವೇ ಗೋಲಾಯಿತು.

ಸಾವಿರಾರು ಜನ ಉಸಿರು ಬಿಟ್ಟ ಸದ್ದು. ಅನಸೂಯ ಕಣ್ಣು ಮುಚ್ಚಿಕೊಂಡರು. ಸುರಭಿ ಮುಚ್ಚಿಕೊಳ್ಳಲಿಲ್ಲ. 'ಏಳು ಋಷಿ... ಅದು ಹೋಯಿತು, ಮುಂದಿನದು ನೋಡು...'

ಮುಂದಿನದನ್ನು ತಡೆದ. ಅದರ ಮುಂದಿನದನ್ನೂ. ಒಂದರ ಹಿಂದೊಂದು ಹತ್ತೊಂಬತ್ತು. ಕೊನೆಯ ನಿಮಿಷದಲ್ಲಿ ಬಲಕ್ಕೆ ಬಂದ ಪಕ್ ತಡೆದು ಕೆಳಗಿದ್ದಾಗಲೇ ಅದು ಎಡಕ್ಕೆ ಚಿಮ್ಮಿತು. ಎದುರಾಳಿ ಬೀಸಿ ಹೊಡೆದ. ಎಡಗಾಲು ಎದ್ದಿತು. ಪಕ್ ಕಾಲಿನ ಪ್ಯಾಡಿಗೆ ಬಡಿದು ಹೊರಗೆ ಹಾರಿತು.

ಪಂದ್ಯವನ್ನು ತಂಡ ಎರಡು–ಮೂರರಿಂದ ಸೋತಿತು. ಆದರೂ ಜನ ಎದ್ದು ನಿಂತು ಋಷಿಯ ಹೆಸರು ಕೂಗುತ್ತಿದ್ದರು.

ಅವನು ಒದ್ದೆ ಕೂದಲಲ್ಲೇ ಹೊರಗೆ ಬಂದ. ಎರಡು ವರ್ಷದ ಕಾಂಟ್ರಾಕ್ಟ್, ಬುಧವಾರ ಸಹಿ ಎಂದು ವೆಂಟ್ಸೆಲ್ ಹೇಳಿದ್ದರು. ಅನಸೂಯ ಮಗನ ಕೆನ್ನೆ ಸವರಿ, ಕಣ್ಣೊರೆಸಿಕೊಂಡು, ಕಾರಿನ ಹತ್ತಿರ ಇರುತ್ತೇನೆಂದು ಮೆಲ್ಲಗೆ ಜಾರಿಕೊಂಡರು.

ಇಬ್ಬರೇ ಉಳಿದರು. ಅವಳೇ ಮೊದಲು ಮಾತಾಡಿದಳು.

"ಆ ವರದಿ ಕಳಿಸೋ ಮೊದಲು ನಿನಗೆ ಹೇಳ್ಬೇಕಿತ್ತು, ಋಷಿ. ನಿನ್ನ ಮುಖ ನೋಡಿದ್ರೆ ಸುಳ್ಳು ಬರೆದುಬಿಡ್ತೀನಿ ಅಂತ ಭಯ ಆಯ್ತು. ಅಷ್ಟು ಇಷ್ಟ ಆಗಿದ್ದೆ ನೀನು."

"ಆಗಿದ್ದೆ?"

"ಈಗ್ಲೂ..."

"ನನ್ನ ಕೋಪ ಮಾರ್ಚಲ್ಲೇ ಹೋಗಿತ್ತು, ಸುರಭಿ. ಹೋಯ್ತು ಅಂತ ಹೇಳಿದ್ರೆ, ಸರಿ ಇನ್ನು ನನ್ನ ಕೆಲಸ ಮುಗೀತು ಅಂತ ನೀನು ಬರೋದು ನಿಲ್ಲಿಸ್ತೀಯೇನೋ ಅಂತ... ಸುಮ್ನಿದ್ದೆ."

ಅಳು, ನಗು ಎರಡೂ ಒಟ್ಟಿಗೇ ಬಂದವು ಅವಳಿಗೆ. ಅವನ ಎದೆಗೆ ಹಣೆ ಆನಿಸಿದಳು. ಅವನು ಎರಡೂ ಕೈಯಲ್ಲಿ ಅವಳನ್ನು ಬಳಸಿ ಹಿಡಿದುಕೊಂಡ.

"ನಿನ್ನ ಟ್ರೈನ್ ಎಷ್ಟೊತ್ತಿಗೆ?"

"ಐದೂವರೆಗೆ."

"ನಾಳೆ ನನಗೆ ರಜೆ. ನಾನೂ ಬರ್ತೀನಿ."

"ಆರು ಗಂಟೆ ಕೂತೇ ಇರ್ಬೇಕು. ಸೊಂಟ ನೋಯತ್ತೆ ಕಣೋ."

"ನೋವಾದ್ರೆ," ಎಂದ ಋಷಿ ಅವಳ ಕೂದಲಲ್ಲಿ ಮುಖವಿಟ್ಟು, "ಮೊದಲು ನಿನಗೇ ಹೇಳ್ತೀನಿ."