ಹಳ್ಳದಾಚೆಯ ಹದಿನಾಲ್ಕು ಮನೆ

"ಇದರಾಗ ನಮ್ಮನಿ ಎಲ್ಲೈತಿ, ತೋರಸ್ರಿ."

ರಾಜಶ್ರೀ ನಕ್ಷೆಯ ಹಾಳೆಯನ್ನು ಅವನ ಮೇಜಿನ ಮೇಲಿಟ್ಟಳು. ಸಿಟ್ಟು ಬಂದರೆ ಅವಳು ಕೂಗುವುದಿಲ್ಲ, ದನಿ ಇಳಿಸುತ್ತಾಳೆ. ಅಕ್ಕಿಆಲೂರಿನ ಗಿರಣಿಯಲ್ಲಿ ಅವಳ ಜೊತೆ ಭತ್ತದ ತೂಕ ಬರೆಯುವವರಿಗೆ ಅದು ಗೊತ್ತು. ಹಾನಗಲ್ಲಿನ ಸರ್ವೆ ಆಫೀಸಿನ ಬಸವೇಶನಿಗೆ ಹೇಗೆ ಗೊತ್ತಾಗಬೇಕು?

ಅವನು ತಲೆಯೆತ್ತಿ ಅವಳನ್ನು ನೋಡಿದ. ನಕ್ಷೆಗಿಂತ ಹೆಚ್ಚು ಹೊತ್ತು ಅವಳ ಮುಖವನ್ನೇ ನೋಡಿದ.

ಆಡೂರಿನ ಹತ್ತಿರದ ಅವಳ ಊರಿನ ಮೇಲೆ ಡ್ರೋನ್ ಹಾರಿಸಿ ಫೋಟೊ ತೆಗೆದವನು ಅವನೇ. ಊರಿನ ಹೆಂಚು, ಕಟ್ಟೆ, ಬಾವಿ ಎಲ್ಲ ಸ್ಪಷ್ಟವಾಗಿದ್ದವು. ಹಳ್ಳ ದಾಟಿದರೆ ಬರೀ ಕಂದು ಮಸುಕು. ಆ ಮಸುಕಿನಲ್ಲೇ ಅವಳ ಕೇರಿಯ ಹದಿನಾಲ್ಕು ಮನೆಗಳಿದ್ದವು. ಅವುಗಳಲ್ಲೊಂದು, ಅವಳ ಅವ್ವ ಗುತ್ತೆವ್ವ ಇಟ್ಟಿಗೆ ಹೊತ್ತು ಕಟ್ಟಿದ್ದು.

"ಇವತ್ತ ಐದಕ್ಕ ತಕರಾರಿನ ಗಡುವು ಮುಗಿತೈತಿ. ನಕ್ಷೆದಾಗ ಮನಿ ಕಾಣಲಿಲ್ಲಂದ್ರ ಹಕ್ಕುಪತ್ರ ಇಲ್ಲ ಅಂದಾರ."

"ಫೋಟೊ ಭಾಳ ದೊಡ್ಡವು ಇರ್ತಾವ್ರಿ. ಹಂಗ ಕಳಿಸಾಕ ಬರಂಗಿಲ್ಲ, ಒತ್ತಿ ಸಣ್ಣವು ಮಾಡಬೇಕು. ಬೇಕಾದ ಜಾಗದ ಸುತ್ತ ಗೆರಿ ಹಾಕ್ತೇವಿ. ಗೆರಿ ಒಳಗಿಂದು ಸ್ಪಷ್ಟ ಉಳಿತೈತಿ. ಹೊರಗಿಂದು..."

"ಹೊರಗಿಂದು ಬ್ಯಾಡಾದ ಜಾಗ."

ಅವನು ನಕ್ಷೆಯ ಹಾಳೆ ತನ್ನ ಕಡೆ ಎಳೆದುಕೊಂಡ.

"ಗೆರಿ ಹಾಕಿದವರು ಯಾರ್ರಿ?"

"ನಾನ."

ಹೆಸರು ನೋಡಿದ್ರ ಬಸವೇಶ, ಕೆಲಸ ನೋಡಿದ್ರ ಇದು... ಅವಳು ಮೇಜಿನ ಮೇಲಿನ ಹೆಸರಿನ ಫಲಕ ನೋಡಿದಳು.

"ಊರು ಎಲ್ಲಿ ಮಟ ಐತಿ ಅಂತ ನಿಮ್ಮೂರಾಗಿರೋ ನಮ್ಮ ಸೋದರಮಾವ ಕರಬಸಪ್ಪನ್ನ ಕೇಳಿದ್ನಿ. ಹಳ್ಳಕ್ಕ ಮುಗೀತು ಅಂದ. ಆಚಿ ಮನಿ ಕಣ್ಣಿಗೆ ಕಂಡಿದ್ವು. ಆದ್ರೂ ಬಾಯಿ ಬಿಡಲಿಲ್ಲ."

ಸುಳ್ಳು ಹೇಳಬಹುದಿತ್ತು, ಅವನು ಹೇಳಲಿಲ್ಲ. ಅವಳಿಗೆ ಅದೂ ಸಿಟ್ಟೇ ತರಿಸಿತು.

"ಈಗೇನ್ ಮಾಡ್ತೀರಿ?"

"ಮೂಲ ಫೋಟೊ ಸವಣೂರಿನ ಆಫೀಸಿನ ಡಿಸ್ಕಿನಾಗ ಅದಾವು. ಮೂರಕ್ಕ ಅಳಿಸಿ, ಡಿಸ್ಕ್ ಬ್ಯಾರೆ ಊರಿಗೆ ಒಯ್ತಾರ." ಅವನು ಮತ್ತೆ ಮತ್ತೆ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. "ಬೈಕ್ ಐತಿ. ಬರ್ತೀರೇನು?"

ಆಗ ಗಂಟೆ ಒಂದೂವರೆ.

ಶಿಗ್ಗಾಂವಿ ದಾಟುವವರೆಗೂ ಅವನು ಬೈಕಿನ ವೇಗ ಇಳಿಸಲಿಲ್ಲ. ಇಬ್ಬರ ನಡುವೆ ಅವಳ ಬ್ಯಾಗಿತ್ತು, ಅದನ್ನು ಗೋಡೆಯಂತೆ ಹಿಡಿದು ಕೂತಿದ್ದಳು. ಇವನನ್ನ ನಂಬಿ ಹೊಂಟೇನಲ್ಲ... ಮಾವನ ಮಾತು ಮೀರತಾನೇನು ಇವ?

ಸವಣೂರು ಮುಟ್ಟಿದಾಗ ಮೂರಕ್ಕೆ ಐದು ನಿಮಿಷ. ಅಳಿಸಲು ಕೂತವನ ಕೈ ಆಗಲೇ ಮೌಸಿನ ಮೇಲಿತ್ತು.

"ತಡೀರಿ!" ಬಸವೇಶ ಓಡಿ ಹೋಗಿ ಆ ಕೈ ಹಿಡಿದ.

ಪರದೆಯ ಮೇಲೆ ಹಳ್ಳ ಮೂಡಿತು. ಹಳ್ಳದಾಚೆ ಕೇರಿ. ಬಸವೇಶ ಮೌಸನ್ನು ಅವಳತ್ತ ಸರಿಸಿದ.

"ನೀವ ಹಾಕ್ರಿ ಗೆರಿ. ಊರು ಎಲ್ಲಿಗೆ ಮುಗಿತೈತಿ ಅಂತ ನನಗ ತಿಳಿದಿಲ್ಲ."

ಅವಳು ಗೆರೆ ಎಳೆದಳು. ಒಂದು ಮನೆ, ಎರಡು... ನಾಲ್ಕನೆಯ ಮನೆಯ ಮಾಳಿಗೆಯ ಮೇಲೆ ಒಬ್ಬ ಹುಡುಗಿ ಆಕಾಶಕ್ಕೆ ಕಸಬರಿಗೆ ತೋರಿಸುತ್ತ ನಿಂತಿದ್ದಳು.

"ಇದು ನಾನ..."

"ಗೊತ್ತೈತ್ರಿ. ಮಧ್ಯಾಹ್ನ ನೀವು ಬಂದಾಗಲೇ ಗುರ್ತು ಹಿಡಿದ್ನಿ." ಅವನು ಪರದೆಯತ್ತ ಬೆರಳು ತೋರಿಸಿದ. "ಅವತ್ತ ನಿಮ್ಮನ್ನ ಇದರಾಗ ನೋಡಿ ನಕ್ಕಿದ್ನಿ. ನಕ್ಕು, ಗೆರಿ ಹೊರಗ ಬಿಟ್ನಿ."

ಅವಳಿಗೆ ಅಳು ಬಂತು. ಅವನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಹೊಸ ಫೋಟೊದ ಜೊತೆ ಅವನೊಂದು ಪತ್ರ ಬರೆದ. ತಪ್ಪು ತನ್ನದೇ ಎಂದು ಬರೆದು ಸಹಿ ಹಾಕಿದ. ಐದಕ್ಕೆ ಹತ್ತು ನಿಮಿಷ ಇರುವಾಗ ಎರಡೂ ಮೇಲಿನ ಕಚೇರಿಗೆ ಹೋದವು. ವಾರದೊಳಗೆ ಅವನ ಕೆಲಸವೂ ಹೋಯಿತು.

ಎರಡು ತಿಂಗಳ ನಂತರ ಹದಿನಾಲ್ಕೂ ಮನೆಗಳಿಗೆ ಹಕ್ಕುಪತ್ರ ಬಂತು. ಮರುದಿನ ಬಸವೇಶ ಹಳ್ಳ ದಾಟಿ ಬಂದು ಗುತ್ತೆವ್ವನ ಬಾಗಿಲಲ್ಲಿ ನಿಂತ. ಒಳಗೆ ಗುತ್ತೆವ್ವ ಚಹಾ ಕುದಿಸುತ್ತಿದ್ದಳು.

"ನಿಮ್ಮ ಮಾವ ಏನಂದ್ರು?" ರಾಜಶ್ರೀ ಕೇಳಿದಳು.

"ಮಾತು ಬಿಟ್ಟಾನ."

"ಕೆಲಸ?"

"ಹಾವೇರಿಯಾಗ ಬ್ಯಾರೆ ಸಿಕ್ಕೈತಿ."

"ಮತ್ತ ಇಲ್ಲಿಗ್ಯಾಕ ಬಂದ್ರಿ?"

"ನಿಮ್ಮನ್ನ ಕೇಳಾಕ. ನಿಮ್ಮ ಮ್ಯಾಲೆ ನನ್ನ ಜೀವ ಐತಿ. ನೀವು ಹೂಂ ಅಂದ್ರ ನಿಮ್ಮವ್ವನ್ನ ಕೇಳ್ತೇನಿ."

ಅವಳು ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ನಗು ತಡೆದು ಕಟ್ಟೆ ಗುಡಿಸಿದಳು.

"ಕೂಡ್ರಿ. ನಮ್ಮನ್ಯಾಗ ಚಾ ಕುಡೀತೀರಿಲ್ಲೋ?"

"ಊಟಾನೂ ಮಾಡ್ತೇನಿ."

"ಹಂಗಂದ್ರ ಅವ್ವನ್ನ ಕೇಳ್ರಿ."