ಬೆನ್ನು ತಿರುಗಿಸಿದ ‘ಚ’

ಸುಚಿತ್ರಾ ಹಳೆಯ ಕೀಬೋರ್ಡನ್ನು ಬೋರಲು ಹಾಕಿ ಮೆಲ್ಲಗೆ ತಟ್ಟಿದಳು. ಧೂಳು ಉದುರಿತು. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದೇ ಗುಂಡಿಯನ್ನು ಒರೆಸತೊಡಗಿದಳು.

 ಹೊಳಿಯಪ್ಪ ಮಾವ ಅಂಗಡಿಯ ಬಾಗಿಲ ಬಳಿ ಕುಳಿತು ತಂತಿ ಸುಲಿಯುತ್ತಿದ್ದ. ಇಬ್ಬರೂ ಆ ಕಂಪ್ಯೂಟರಿನತ್ತ ನೋಡದೆ, ದಿನಾ ಮುಂಜಾನೆಯಂತೆ ಅದು ಏಳುವುದನ್ನೇ ಕಾಯುತ್ತಿದ್ದರು.

ಒಳಗಿನ ಫ್ಯಾನು ಮೊದಲು ಕೆಮ್ಮಿತು. ಆಮೇಲೆ ಗುಂಯ್ ಎಂದಿತು. ಪರದೆ ಬೆಳಗಿತು.

‘ವೆಲ್‌ಕಮ್ ಚನ್ನೇಶ್.’

ಚನ್ನೇಶ ಹೋಗಿ ಎರಡು ಮಳೆಗಾಲ ಕಳೆದಿದ್ದವು. ಕಂಪ್ಯೂಟರಿಗೆ ಮಾತ್ರ ಇನ್ನೂ ಯಾರೂ ಹೇಳಿರಲಿಲ್ಲ...

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಿಗೆ ತಂಪು ಹಿಡಿದಿಡುವ ಕಂಟ್ರೋಲರ್ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಹೊಳಿಯಪ್ಪನ ಮಗ ಚನ್ನೇಶ ಕಂಪ್ಯೂಟರಿನಲ್ಲಿ ಸರ್ಕಿಟ್ ಬರೆಯುವವನು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ಸುಚಿತ್ರಾ, ಹೊಳಿಯಪ್ಪನ ತಂಗಿ ಚೌಡವ್ವನ ಮಗಳು, ಅದನ್ನು ತಾಮ್ರದ ಹಾಳೆಗೆ ಇಳಿಸಿ ಬೋರ್ಡು ಮಾಡುವವಳು. ಇಬ್ಬರ ಮದುವೆ ಚಿಕ್ಕಂದಿನಲ್ಲೇ ನಿಶ್ಚಯವಾಗಿತ್ತು. ಮದುವೆಗೆ ಮುಂಚೆ, ಮೋಟೆಬೆನ್ನೂರಿನ ಹೈವೇಯಲ್ಲಿ ಚನ್ನೇಶನ ಬೈಕು...

ಅವಳು ಅವನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. “ಕಟ್ಕೊಳ್ಳಾವನ ಹೆಸರ ಹೇಳಬಾರದವಾ,” ಎಂದಿದ್ದಳು ಚೌಡವ್ವ. ಅವನು ಹೋದ, ನೇಮ ಉಳಿಯಿತು.

ಆದರೆ ಪ್ರತಿ ಬೋರ್ಡಿನ ಮೂಲೆಯಲ್ಲೂ ಚನ್ನೇಶ ತಾಮ್ರದಲ್ಲೇ ಒಂದು ಪುಟ್ಟ ‘ಚ’ ಬರೆದಿಡುತ್ತಿದ್ದ. ಹೆಸರು ಹೇಳಬೇಕೆನಿಸಿದಾಗಲೆಲ್ಲ ಸುಚಿತ್ರಾ ಅದರ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಅಷ್ಟೇ.

ಕುರ್ಚಿ ಕಿರ್ರೆಂದಿತು.

ಸುಚಿತ್ರಾ ತಿರುಗಿ ನೋಡಿದಳು. ಯಾರೋ ಒಬ್ಬ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡವನು, ಕಂಪ್ಯೂಟರಿನ ಮುಂದಿನ ಚನ್ನೇಶನ ಕುರ್ಚಿಯಲ್ಲಿ ಕುಳಿತಿದ್ದ. ಎರಡು ವರ್ಷದಿಂದ ಯಾರೂ ಕೂರದ ಕುರ್ಚಿಯಲ್ಲಿ!

“ಏಳ್ರಿ!”

ತನ್ನ ದನಿ ಅಷ್ಟು ದೊಡ್ಡದಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಅವನು ಬೆಂಕಿ ಮುಟ್ಟಿದವನಂತೆ ಎದ್ದ. ಕುರ್ಚಿಯನ್ನು ನೋಡಿದ. ಪರದೆಯ ಮೇಲಿನ ಹೆಸರನ್ನು ನೋಡಿದ. ಮುಖ ಬಿಳಿಚಿತು.

“ತಪ್ಪಾತ್ರಿ... ನನಗ ಹೊಳೀಲಿಲ್ಲ.”

“ಇಂವ ಕನಕರಾಜ, ಸುಚಿ,” ಎಂದ ಹೊಳಿಯಪ್ಪ. “ಹಾವೇರಿಯಾಂವ. ನಮ್ಮ ಹುಡುಗನ ಕೂಡ ಡಿಪ್ಲೊಮಾ ಓದಿದಾಂವ. ಇನ್ಮ್ಯಾಲೆ ಡ್ರಾಯಿಂಗ್ ಕೆಲಸ ಇವಂದು.”

ಇನ್ಮೇಲೆ! ಆ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕುಳಿತಿತು.

*

ಬೇರೆ ದಾರಿ ಇರಲಿಲ್ಲ. ಬೋರ್ಡಿಗೆ ಹಾಕುತ್ತಿದ್ದ ಡಿಸ್‌ಪ್ಲೇ ಮಾರುಕಟ್ಟೆಯಲ್ಲಿ ಸಿಗುವುದು ನಿಂತಿತ್ತು. ಹೊಸ ಡಿಸ್‌ಪ್ಲೇಗೆ ಡ್ರಾಯಿಂಗ್ ಬದಲಿಸಬೇಕು. ಚನ್ನೇಶನ ಹಳೆಯ ಸಾಫ್ಟ್‌ವೇರ್ ಆ ಕಂಪ್ಯೂಟರಿನಲ್ಲಿ ಬಿಟ್ಟು ಇನ್ನೆಲ್ಲೂ ತೆರೆಯುತ್ತಿರಲಿಲ್ಲ, ಆ ಕಂಪ್ಯೂಟರೋ ಗೆರೆ ಎಳೆಯುವಾಗಲೇ ಉಸಿರು ಹಿಡಿದು ನಿಂತುಬಿಡುತ್ತಿತ್ತು. ಬ್ಯಾಡಗಿಗೆ ಹೊಸ ಮೆಣಸಿನಕಾಯಿ ಬರುವ ಮೊದಲು ಬೋರ್ಡು ಕೊಡದಿದ್ದರೆ ಗಿರಾಕಿ ಹೋದಂತೆ, ಅಂಗಡಿಯೂ ಹೋದಂತೆ.

“ಮೂರು ಸಾಫ್ಟ್‌ವೇರ್ ನೋಡೇನ್ರಿ ಕಾಕಾ,” ಎಂದ ಕನಕರಾಜ. “ಒಂದು ಭಾಳ ಚಲೋ ಐತಿ, ಆದ್ರ ವರ್ಷಾ ವರ್ಷಾ ರೊಕ್ಕ ಕಟ್ಟಬೇಕು. ಕಟ್ಟದಿದ್ರ ನಮ್ಮ ಡ್ರಾಯಿಂಗ್ ನಮಗ ತಿದ್ದಾಕ ಬರಂಗಿಲ್ಲ.”

“ಬ್ಯಾಡ. ಇನ್ನೊಂದು?”

“ಇನ್ನೊಂದು ನೆಟ್ಟಿನ್ಯಾಗ ನಡೀತೈತಿ. ಫ್ರೀ. ಆದ್ರ ಡ್ರಾಯಿಂಗ್ ಎಲ್ಲಾ ಅವರ ಕಡೇನ ಇರತಾವ.”

“ಅಂದ್ರ ತವರಮನಿ ಬಿಟ್ಟು ಬರದ ಹೆಣ್ಣು ಅನ್ನು!” ಹೊಳಿಯಪ್ಪ ಎಷ್ಟೋ ದಿನದ ಮೇಲೆ ನಕ್ಕ. “ಮೂರನೇದಕ್ಕ ಏನ್ ಐಬು ಹೇಳಪಾ?”

“ಅದು ಕೀಕ್ಯಾಡ್ ಅಂತ. ರೊಕ್ಕಿಲ್ಲ, ನೆಟ್ ಬೇಕಿಲ್ಲ. ಡ್ರಾಯಿಂಗ್ ನಮ್ಮ ಹಂತೇಕನ ಇರತೈತಿ. ಕಲಿಯಾಕ ಸ್ವಲ್ಪ ಸತಾಯಸ್ತೈತಿ, ಅಷ್ಟ.”

“ಸತಾಯಿಸದ ಹೆಣ್ಣು ಎಲ್ಲೈತೋ ತಮ್ಮಾ! ಅದನ್ನ ಮಾಡು.”

ಕನಕರಾಜ ಸುಚಿತ್ರಾಳ ಕಡೆ ತಿರುಗಿದ. “ನೀವೇನಂತೀರಿ? ಬೋರ್ಡ್ ಮಾಡಾವ್ರು ನೀವು.”

“ಹಳೇದಕ್ಕ ಏನಾಗೇತ್ರಿ?”

 ಹಳೆಯ ಕಂಪ್ಯೂಟರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಅದು ನಿಂತ ದಿನ, ಅವನು ಎರಡನೆಯ ಸಲ ಸತ್ತಂತೆ... ಹಾಗೆಂದು ಇವರಿಗೆ ಹೇಗೆ ಹೇಳಲಿ?

ಮರುದಿನ ಕನಕರಾಜ ಮನೆಯಿಂದ ಒಂದು ಸ್ಟೂಲು ತಂದ. ಕುರ್ಚಿಯ ಪಕ್ಕದಲ್ಲಿಟ್ಟುಕೊಂಡು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೆನ್ನು ಬಗ್ಗಿಸಿ ಕೆಲಸಕ್ಕೆ ಕೂತ. ಕುರ್ಚಿ ಖಾಲಿಯೇ ಇತ್ತು. ಆಮೇಲೆ ಒಂದು ದಿನವೂ ಅವನು ಅದನ್ನು ಮುಟ್ಟಲಿಲ್ಲ.

ಸುಚಿತ್ರಾ ಇದನ್ನೆಲ್ಲ ನೋಡಿದಳು. ಅವಳು ಆಡುವುದು ಕಡಿಮೆ, ನೋಡುವುದು ಹೆಚ್ಚು. ಅವನ ಬೆನ್ನು ನೋಯುವುದೂ ಕಂಡಿತು. ಅವನು ಚಹಾ ಕುಡಿಯುವಾಗ ಖಾಲಿ ಕುರ್ಚಿಯ ಕಡೆ ಲೋಟ ಒಂಚೂರು ಎತ್ತುವುದೂ ಕಂಡಿತು. ಒಂದು ದಿನ ಅವನು ಬರುವುದು ತಡವಾಯಿತು. ತನ್ನ ಕಣ್ಣು ರಸ್ತೆಯ ಕಡೆಗೇ ಹೋಗುತ್ತಿರುವುದು ಗೊತ್ತಾಗಿ ಅವಳು ಬೆಚ್ಚಿಬಿದ್ದಳು.

ಫ್ಯಾನು ಕೆಮ್ಮಿತು. ಚನ್ನೇಶ ನೋಡಿಬಿಟ್ಟನೇ?!

*

ಹೊಸ ಡ್ರಾಯಿಂಗ್ ಮುಗಿದ ದಿನ ಕನಕರಾಜ ಅವಳಿಗೆ ತೋರಿಸಿದ. ಎಲ್ಲ ಗೆರೆಗಳೂ ಹೊಸವು. ಮೂಲೆಯಲ್ಲಿ ಮಾತ್ರ ಅದೇ ‘ಚ’. ಆದರೆ ತಿರುವುಮುರುವು!

“ಇದ್ಯಾಕ ಹಿಂಗ ತಿರುಗೇತ್ರಿ?” ಅವಳು ಪರದೆಯ ಮೂಲೆಗೆ ಬೆರಳಿಟ್ಟಳು.

“ಅದು ಹಂಗ ಇರಬೇಕ್ರಿ. ಬೋರ್ಡಿನ ಮ್ಯಾಲೆ ಸರಿ ಬರತೈತಿ. ನಾ ನಾಳೆ ಬ್ಯಾಡಗಿಗೆ ಹೋಗಿ ಅಳತಿ ತರ್ತೇನಿ. ನೀವು ಪ್ರಿಂಟ್ ತಗದು ಎಲ್ಲಾ ಬೋರ್ಡ್ ಮಾಡಿಟ್ಟಿರ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

ಮರುದಿನ ಪ್ರಿಂಟ್ ಕೊಡುವಾಗ ಪರದೆಯಲ್ಲಿ ಒಂದು ಪುಟ್ಟ ಚೌಕ ಕಂಡಿತು. ಪಕ್ಕದಲ್ಲಿದ್ದ ಇಂಗ್ಲಿಷ್ ಪದ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಿರರ್. ಕನ್ನಡಿ.

‘ಕನ್ನಡಿಗೆ ಟಿಕ್ ಹಾಕದ ಪ್ರಿಂಟ್ ತಗೀಬ್ಯಾಡ ಸುಚಿ. ತಗದ್ರ ಬೋರ್ಡ್ ಸತ್ತಂಗ!’ ಕೆಲಸ ಕಲಿಸುವಾಗ ಚನ್ನೇಶ ಹೇಳಿದ ಮೊದಲ ಮಾತು ಅದು.

ಬೇರೇನೂ ಮುಟ್ಟಬೇಡ ಎಂದಿದ್ದ ಇನ್ನೊಬ್ಬ.

ಸುಚಿತ್ರಾ ಹಳೆಯ ಕಂಪ್ಯೂಟರಿನ ಕಡೆ ನೋಡಿದಳು. ಚನ್ನೇಶನನ್ನು ಮನಸ್ಸಿನಲ್ಲೇ ಕೇಳಿದಳು, ‘ಹೊಸದಕ್ಕ ಹೋಗ್ಲೇನ್ರಿ?’ ಆಮೇಲೆ ಟಿಕ್ ಹಾಕಿದಳು.

ಕಾಗದ ಹೊರಬಂತು. ಅವಳು ಮೂಲೆಯ ಅಕ್ಷರ ನೋಡಿದಳು.

ಇಷ್ಟು ವರ್ಷ ಕಾಗದದಲ್ಲಿ ‘ಚ’ ತಿರುಗಿಯೇ ಇರುತ್ತಿತ್ತು. ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ತಾಮ್ರಕ್ಕೆ ಒತ್ತಿದಾಗ, ಠಸ್ಸೆ ಒತ್ತಿದ ಹಾಗೆ, ಅದು ನೆಟ್ಟಗಾಗುತ್ತಿತ್ತು. ಇವತ್ತು ಕಾಗದದಲ್ಲೇ ನೆಟ್ಟಗೆ ನಿಂತು ಅವಳನ್ನು ನೋಡುತ್ತಿತ್ತು!

ಒಪ್ಪಿಗೆ ಕೊಟ್ಟ... ಅಯ್ಯೋ, ಒಪ್ಪಿಗೆ ಕೊಟ್ಟ!

ಕಣ್ಣು ತುಂಬಿ ಬಂತು. ಯಾಕೆ ಹೀಗೆ ಎಂದು ಬುದ್ಧಿ ಕೇಳಲೇ ಇಲ್ಲ. ಅಂಗಡಿಯಲ್ಲಿದ್ದ ತಾಮ್ರದ ಹಾಳೆಗಳನ್ನೆಲ್ಲ ತೆಗೆದು ಒತ್ತಿದಳು. ಬೇಡದ ತಾಮ್ರ ಕರಗಲೆಂದು ಕಂದು ದ್ರಾವಣದಲ್ಲಿ ಅದ್ದಿದಳು. ತೊಳೆದು ಮೊದಲ ಬೋರ್ಡನ್ನು ಬೆಳಕಿಗೆ ತಂದಳು.

‘ಚ’ ಬೆನ್ನು ತಿರುಗಿಸಿ ನಿಂತಿತ್ತು.

ಎರಡನೆಯದರಲ್ಲೂ. ಎಲ್ಲದರಲ್ಲೂ.

ಅವಳ ಕೈಯಿಂದ ಬೋರ್ಡು ಬಕೆಟ್ಟಿಗೆ ಜಾರಿತು.

*

ಬ್ಯಾಡಗಿಯಿಂದ ಬಂದ ಕನಕರಾಜ ಐಸಿ ಚಿಪ್ ಅನ್ನು ಬೋರ್ಡಿನ ಮೇಲಿಟ್ಟು ನೋಡಿದ. ಕಾಲುಗಳೆಲ್ಲ ಅದಲುಬದಲು. ಒಂದೂ ಕೂಡುವುದಿಲ್ಲ.

“ಕನ್ನಡಿಗೆ ಟಿಕ್ ಹಾಕೀರಿ?”

“ಹೂಂ.”

“ಮುಟ್ಟಬ್ಯಾಡ್ರಿ ಅಂದಿದ್ದೆ.”

ಅವಳು ನೆಲ ನೋಡಿದಳು. ಅವನು ಅವಳನ್ನು ನೋಡಿದ, ಆಮೇಲೆ ಗುಂಯ್‌ಗುಡುತ್ತಿದ್ದ ಕಂಪ್ಯೂಟರನ್ನು ನೋಡಿದ. ಅವನ ಮುಖ ಗಡುಸಾಯಿತು.

“ಹೊಸದು ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು. ಬೋರ್ಡ್ ಯಾಕ ಕೆಡಸಿದ್ರಿ? ನಾ ಅವನ ಜಾಗಾ ಕೇಳಿರಲಿಲ್ಲ, ಸುಚಿತ್ರಾ ಅವ್ರ.”

‘ಕೆಡಿಸಿಲ್ಲ!’ ಎಂದು ಅವಳ ಒಳಗೆಲ್ಲ ಕೂಗಿತು. ಬಾಯಿ ತೆರೆಯಲಿಲ್ಲ. ಹೋದವನೇ ಬೇಡ ಅಂದ ಮೇಲೆ ಇದ್ದವನಿಗೆ ಏನು ಹೇಳುವುದು...

“ನಾಳೆ ಬ್ಯಾಡಗಿಯಾಗ ಕೋಲ್ಡ್ ಸ್ಟೋರೇಜಿನ ಸಾವಕಾರ್ರಿಗೆ ಆಗಂಗಿಲ್ಲ ಅಂತ ಹೇಳಿ, ಹಂಗ ಹಾವೇರಿಗೆ ಹೋಗ್ತೇನ್ರಿ ಕಾಕಾ.”

ಹೊಳಿಯಪ್ಪ ಏನೋ ಹೇಳಹೋದ. ಕನಕರಾಜ ಮೆಟ್ಟಿಲು ಇಳಿದಿದ್ದ. ಸ್ಟೂಲು ಅಲ್ಲೇ ಉಳಿಯಿತು.

*

ಮರುದಿನ ಮಧ್ಯಾಹ್ನವೇ ಸುಚಿತ್ರಾ ಮೋಟೆಬೆನ್ನೂರಿನ ತನ್ನ ಮನೆಗೆ ಬಸ್ಸು ಹತ್ತಿದಳು. ಚೀಲದಲ್ಲಿ ಕೆಟ್ಟ ಬೋರ್ಡೊಂದು ಇತ್ತು. ಎಸೆಯಲು ಮನಸ್ಸು ಬಂದಿರಲಿಲ್ಲ.

ಊರು ಬರುವ ಮೊದಲು ಚನ್ನೇಶ ಬಿದ್ದ ಆ ತಿರುವು ಬರುತ್ತದೆ. ಅಲ್ಲಿ ದಿನಾ ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದರೂ ಬೈಕಿನ ಹಾರ್ನು ಕೇಳುತ್ತಿತ್ತು. ಇವತ್ತು ಕಣ್ಣು ಮುಚ್ಚುವುದಕ್ಕೂ ಹೆದರಿಕೆ! ಮುಚ್ಚಿದರೆ ಬೆನ್ನು ತಿರುಗಿಸಿ ನಿಂತವನೇ ಕಾಣುತ್ತಿದ್ದ.

ಕಿಟಕಿ ಮರೆಯಾಗಲೆಂದು ಅವಳು ಬೋರ್ಡನ್ನು ತೆಗೆದು ಮುಖಕ್ಕೆ ಅಡ್ಡ ಹಿಡಿದಳು.

ಬಿಸಿಲು ಬೋರ್ಡಿನೊಳಗಿಂದ ಹಾದು ಬಂತು. ತಾಮ್ರದ ಬದಿ ಕಿಟಕಿಯ ಕಡೆಗಿತ್ತು, ಬರಿಯ ಬದಿ ಅವಳ ಕಡೆಗೆ. ತೆಳುಹಸಿರು ಬೆಳಕಿನ ನಡುವೆ ಕರಿನೆರಳಾಗಿ...

‘ಚ’. ನೆಟ್ಟಗೆ!

ಅವಳು ಬೋರ್ಡನ್ನು ತಿರುಗಿಸಿದಳು. ಬೆನ್ನು. ಮತ್ತೆ ತಿರುಗಿಸಿದಳು. ಮುಖ.

ಚನ್ನೇಶ ತಾಮ್ರದ ಬದಿಯಿಂದ ನೋಡಿಕೊಂಡು ಬರೆಯುತ್ತಿದ್ದ. ಅವನಿಗೆ ಕನ್ನಡಿ ಬೇಕಿತ್ತು. ಕನಕರಾಜ ಆಚೆಯ ಬರಿಯ ಬದಿಯಿಂದ ನೋಡಿಕೊಂಡು ಬರೆದಿದ್ದ. ಅವನು ಆಗಲೇ ತಿರುಗಿಸಿಟ್ಟದ್ದನ್ನು ತಾನು ಇನ್ನೊಮ್ಮೆ ತಿರುಗಿಸಿದ್ದಳು. ಅಷ್ಟೇ! ಒಪ್ಪಿಗೆಯೂ ಅಲ್ಲ, ಮುನಿಸೂ ಅಲ್ಲ. ಒಂದು ಟಿಕ್.

‘ಅವರು ಬೆನ್ನು ತಿರುಗಿಸಿಲ್ಲ... ಅವರ ಮಾತು ಹಿಡಕೊಂಡು ನಾನೇ ತಿರುಗಿ ನಿಂತೆ!’

ತಿರುವು ಯಾವಾಗ ದಾಟಿತೋ ಅವಳಿಗೆ ತಿಳಿಯಲಿಲ್ಲ.

ಮೋಟೆಬೆನ್ನೂರಿನಲ್ಲಿ ಇಳಿದವಳು ಮನೆಯ ದಾರಿ ಹಿಡಿಯಲಿಲ್ಲ. ಬ್ಯಾಡಗಿಯ ಟಂಟಂ ಆಟೋ ಹೊರಟು ನಿಂತಿತ್ತು. ಓಡಿ ಹತ್ತಿದಳು.

*

ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ಕಾವಲುಗಾರ ಗೂಡುಸಾಬ ಅವಳನ್ನು ಮೇಲಿಂದ ಕೆಳಗೆ ನೋಡಿದ.

“ತಲಿಗೆ ಸೆರಗ ಹೊತ್ಕೊಂಡು ಹೋಗವಾ. ಒಳಗ ಮೆಣಸಿನಕಾಯಿಗೂ ನೆಗಡಿ ಬರೂವಂಥಾ ಥಂಡಿ!”

ಒಳಗೆ ಮಂಜು. ಮೂಗಿಗೆ ಘಾಟು. ಗೋಡೆಯ ಮೇಲೆ ಹಳೆಯ ಕಂಟ್ರೋಲರಿನ ಮುಚ್ಚಳ ತೆರೆದು ಕನಕರಾಜ ಸುಮ್ಮನೆ ನಿಂತಿದ್ದ. ಅದು ಚನ್ನೇಶನ ಬೋರ್ಡು. ‘ಟಕ್’ ಎಂದಿತು, ತಂಪು ಯಂತ್ರವನ್ನು ಹಚ್ಚಿ ಆರಿಸುವ ರಿಲೇ. ಸತ್ತವನ ಕೈಕೆಲಸ ಇನ್ನೂ ಮೆಣಸಿನಕಾಯಿ ಕಾಯುತ್ತಿತ್ತು.

“ಬೇಕಂತ ಮಾಡಿಲ್ರಿ.”

ಅವನು ತಿರುಗಿದ.

“ಕನ್ನಡಿಗೆ ಟಿಕ್ ಹಾಕದ ಪ್ರಿಂಟ್ ತಗೀಬ್ಯಾಡ ಅಂತ... ಅವರು ಹೇಳಿದ್ರು.” ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. “ಅವರ ಮಾತು ಮೀರಾಕ ಆಗ್ಲಿಲ್ರಿ. ಅಷ್ಟ. ನಿಮ್ಮ ಮ್ಯಾಲೆ ಸಿಟ್ಟಿಲ್ರಿ ನನಗ!”

ಕನಕರಾಜನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹಣೆ ಹಿಡಿದುಕೊಂಡ.

“ಅವ ತಾಮ್ರದ ಕಡಿಂದ ಬರೀತಿದ್ದ... ಥೂ ನನ್ನ! ಮುಟ್ಟಬ್ಯಾಡ ಅಂದೆ. ಯಾಕ ಅಂತ ಹೇಳಬೇಕಿತ್ತು.”

“ನಾನೂ ಕೇಳಬೇಕಿತ್ರಿ.”

ಇಬ್ಬರ ಬಾಯಿಂದಲೂ ಹೊಗೆಯಂತೆ ಉಸಿರು ಬರುತ್ತಿತ್ತು. ಅವಳು ಮೆಲ್ಲಗೆ ಕೇಳಿದಳು, “ಹೊಸಾ ಡ್ರಾಯಿಂಗಿನ್ಯಾಗ ಆ ಅಕ್ಷರ ಯಾಕ ಬಿಟ್ರಿ? ಡ್ರಾಯಿಂಗ್ ಈಗ ನಿಮ್ಮದಲ್ಲೇನ್ರಿ?”

“ತಗೀಬೇಕಂತ ಮಾಡಿದ್ದೆ. ಕೈ ಬರಲಿಲ್ಲ.” ಅವನು ಬೇರೆಡೆ ನೋಡಿದ. “ತಗದಿದ್ರ ನೀ ಮತ್ತೆಲ್ಲಿ ಬೆರಳ ಆಡಸ್ತಿದ್ದಿ?”

‘ನೀ’ ಎಂದ. ಮತ್ತೆ... ನೋಡಿದ್ದ! ಎಲ್ಲರನ್ನೂ ನೋಡುತ್ತಿದ್ದ ಅವಳನ್ನು ಒಬ್ಬ ನೋಡಿದ್ದ.

“ಸುಚಿತ್ರಾ... ಅವನ ಜಾಗಾ ನನಗ ಬ್ಯಾಡ. ಅವ ನನ್ನ ಗೆಳ್ಯಾ. ಬಾಜೂಕ ಒಂದು ಸ್ಟೂಲಿನಷ್ಟು ಜಾಗಾ ಕೊಟ್ರ ಸಾಕು ನನಗ.”

ರಿಲೇ ಮತ್ತೆ ‘ಟಕ್’ ಎಂದಿತು. ಇಬ್ಬರೂ ಬೆಚ್ಚಿ ಅದರ ಕಡೆ ನೋಡಿದರು.

“ನಾಳೆ ಅಂಗಡಿಗೆ ಬರ್ರಿ,” ಎಂದಳು ಸುಚಿತ್ರಾ. “ಬರ್ತೀರಿಲ್ಲೋ?”

“ಬರ್ತೇನಿ.”

*

ಮುಂಜಾನೆ ಹೊಸ ತಾಮ್ರದ ಹಾಳೆ ಬಂತು. ಈ ಸಲ ಕನ್ನಡಿಯ ಚೌಕ ಖಾಲಿ ಬಿಟ್ಟಳು. ಪ್ರಿಂಟ್ ತೆಗೆದಳು.

ದ್ರಾವಣದಿಂದ ಎತ್ತಿದ ಬೋರ್ಡಿನ ಮೂಲೆಯಲ್ಲಿ ‘ಚ’ ನೆಟ್ಟಗೆ ಹೊಳೆಯಿತು. ಸಂಜೆಯ ಹೊತ್ತಿಗೆ ಐಸಿ ಕೂತಿತು, ಡಿಸ್‌ಪ್ಲೇಯಲ್ಲಿ ಅಂಕಿ ಬೆಳಗಿತು, ರಿಲೇ ‘ಟಕ್’ ಎಂದಿತು. ಹೊಳಿಯಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆವರೋ, ಮತ್ತೇನೋ.

“ಇನ್ನ ಆ ಕಂಪ್ಯೂಟರ್ ಖಾಯಂ ಬಂದ್ ಮಾಡು ಸುಚಿ. ಅದಕ್ಕೂ ಸಾಕಾಗೇತಿ.”

ಸುಚಿತ್ರಾ ಮೊದಲು ಕುರ್ಚಿಯ ಬಳಿ ಹೋದಳು. ಸೆರಗಿನಿಂದ ಅದರ ಧೂಳು ಒರೆಸಿದಳು. ಕನಕರಾಜನ ಕಡೆ ತಿರುಗಿಸಿದಳು.

“ಕುಂದ್ರಿ.”

ಅವನು ಸ್ಟೂಲು ಬಿಟ್ಟು ಏಳಲಿಲ್ಲ. “ಇಲ್ಲೇ ಆರಾಮ ಅದೇನಿ. ನನಗ ಸ್ಟೂಲ್ ಸಾಕು ಅಂದೇನಲ್ಲ?”

“ಸ್ಟೂಲ್ ನನಗ ಬೇಕು.”

ಅವನು ಕುಳಿತ. ಕುರ್ಚಿ ಕಿರ್ರೆಂದಿತು. ಈ ಸಲ ಅವಳು ಬೆಚ್ಚಲಿಲ್ಲ. ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು.

“ಹಂಗಾರ... ಇದು ಖರೇ ಅಂತ ತಿಳಕೊಳ್ಳಲೇನು?” ಎಂದ ಅವನು, ಅವಳಿಗಷ್ಟೇ ಕೇಳುವಂತೆ.

“ನಾ ಖರೇನ ಹೇಳೇನಿ.” ಅವಳು ಕಣ್ಣು ತಗ್ಗಿಸಿದಳು. “ಒಬ್ಬರಿಗೆ ಹೇಳೂದೈತಿ. ತಡೀರಿ.”

ಕೈ ಚಾಚಿ ಹಳೆಯ ಕಂಪ್ಯೂಟರಿನ ಮೌಸ್ ಹಿಡಿದಳು. ಚನ್ನೇಶನ ಬೆರಳು ಸವೆಸಿದ ತಗ್ಗಿನಲ್ಲಿ ಅವಳ ಬೆರಳು ಕೂತಿತು. ಒತ್ತಿದಳು.

ಪರದೆಯಿಂದ ಹೆಸರು ಅಳಿಸಿಹೋಯಿತು. ಫ್ಯಾನು ಮೆಲ್ಲಗಾಯಿತು, ಕೆಮ್ಮಿತು, ನಿಂತಿತು. ಕೆಲಸದ ಹೊತ್ತಿನಲ್ಲಿ ಎರಡು ವರ್ಷದಿಂದ ಕೇಳದಿದ್ದ ನಿಶ್ಶಬ್ದ ಅಂಗಡಿಯೊಳಗೆ ಬಂದು ನಿಂತಿತು. ಹೊಳಿಯಪ್ಪ ರಸ್ತೆಯ ಕಡೆ ಮುಖ ಮಾಡಿದ್ದ. ಕನಕರಾಜ ಕೈಕಟ್ಟಿ ಕುಳಿತಿದ್ದ.

ಕರಿಯ ಪರದೆಗೆ ಮುಖ ಹತ್ತಿರ ತಂದು ಸುಚಿತ್ರಾ ಹುಟ್ಟಿದಾಗಿನಿಂದ ಹೇಳದ ಹೆಸರನ್ನು ಬಾಯಿಬಿಟ್ಟು ಹೇಳಿದಳು.

“ಚನ್ನೇಶ...”

ಕಾದಳು.

“ಹೊಸದಕ್ಕ ಹೊಂಟೇನ್ರಿ. ಒಂದ್ ಸಲ ಹೂಂ ಅನ್ರಿ.”