ಕಡಲ ಮಗಳಿಗೆ ತಂದ ನೀರು

ಆಂಡಿಸ್ ಬೆಟ್ಟದ ನಮ್ಮೂರಿಗೆ ಒಂದು ಚಿಲುಮೆ ಬಿಟ್ಟರೆ ಬೇರೆ ನೀರಿರಲಿಲ್ಲ. ಆ ಚಿಲುಮೆ ಕಡಲ ತಾಯಿ ಮಾಮಾಕೋಚಾಳ ಮಗಳು. ತಾಯಿಗೆ ಮಗಳ ನೆನಪಿರಲೆಂದು ವರ್ಷಕ್ಕೊಮ್ಮೆ ಒಂದು ಕೊಡ ಕಡಲ ನೀರು ತಂದು ಅದಕ್ಕೆ ಸುರಿಯುತ್ತಿದ್ದೆವು. ಆ ಸಲ ತರಲು ನಾನೂ ಚಿಕ್ಕಪ್ಪ ಎವರಿಸ್ತೊನೂ ಹೋಗಿದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ಕೊಡ ಉರುಳಿ ನೀರೆಲ್ಲ ಚೆಲ್ಲಿತು. ಚಿಕ್ಕಪ್ಪ ದಾರಿಯ ಹೋಟೆಲಿನ ನಲ್ಲಿಯಲ್ಲಿ ನೀರು ಹಿಡಿದು ಅಡುಗೆ ಉಪ್ಪು ಕಲಸಿದ.

"ಬೇಡ ಚಿಕ್ಕಪ್ಪ, ಮತ್ತೆ ಕಡಲಿಗೇ ಹೋಗೋಣ," ಅಂದೆ.

"ಕಡಲ ತಾಯಿ ಏನು ರುಚಿ ನೋಡ್ತಾಳಾ? ನೀನು ಬಾಯಿ ಮುಚ್ಕೊಂಡಿರು ಸಾಕು."

ಮರುದಿನ ಬೆಳಿಗ್ಗೆ, ಹೆಂಗಸರು ಹಾಡುತ್ತಿರುವಾಗ, ಅವನು ಅದನ್ನೇ ಸುರಿದ. ಸದಾ ಕೊರೆಯುವ ಚಿಲುಮೆ ಬೆಚ್ಚಗಾಯಿತು. ಹಸಿ ಮೀನಿನ ವಾಸನೆ ಎದ್ದಿತು. ಚಿಕ್ಕಮ್ಮ ಒಂದು ಗುಟುಕು ಕುಡಿದು ಉಗಿದಳು.

"ಏನು ತಂದು ಸುರಿದೆ ಮಾರಾಯ, ನಿಜ ಹೇಳು."

"ಕಡಲ ನೀರೇ ಕಣೇ, ಇನ್ನೇನು," ಅಂತ ನಕ್ಕು ಅವನೂ ಬೊಗಸೆ ತುಂಬಾ ಕುಡಿದ.

ಆಮೇಲೆ ಅವನ ಬಾಯಾರಿಕೆ ಹಿಂಗಲೇ ಇಲ್ಲ. ಎದೆಗೆ ಕಿವಿಯಿಟ್ಟರೆ ಅಲೆ ಬಡಿಯುವ ಸದ್ದು ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಉಸಿರು ನಿಂತಿತು. ಸದ್ದು ನಿಲ್ಲಲಿಲ್ಲ, ಹಾಗೆಯೇ ಹೂಳಿದೆವು.

ಹೋದದ್ದು ಒಬ್ಬ ಮನುಷ್ಯ, ಆ ನೀರು ಕುಡಿದ, ಉಣ್ಣೆಗೆಂದು ಸಾಕಿದ್ದ ನಲವತ್ತು ಅಲ್ಪಾಕಾ, ಮತ್ತೆಂದೂ ಕುಡಿಯಲಾಗದಂತೆ ಕೆಟ್ಟ ಒಂದು ಚಿಲುಮೆ.